ಅಜ್ಜಿಗಾಗಿ ಬರೆದ ತಾರಸಿ ನಕ್ಷೆ: ರೋಹಿಣಿ ಮಳೆಯಿಂದ ಸಂಕ್ರಾಂತಿಯವರೆಗೆ ನಮ್ಮ ಕೈತೋಟ

ನಮ್ಮತ್ತೆ ಮಳವಳ್ಳಿ ತಾಲ್ಲೂಕಿನವರು. 2025ರ ಏಪ್ರಿಲ್‌ನಲ್ಲಿ ಮಂಡಿನೋವಿಗೆ ತೋರಿಸಲು ಮೈಸೂರಿಗೆ ಬಂದವರನ್ನು, ಸುಗ್ಗಿಯವರೆಗೆ ಇಲ್ಲೇ ಇರಿ ಎಂದು ಉಳಿಸಿಕೊಂಡೆವು. ಊರಲ್ಲಿ ಅವರಿಗೆ ಮನೆಗಿಂತ ಹಿತ್ತಲೇ ದೊಡ್ಡದು. ಕುವೆಂಪುನಗರದ ನಮ್ಮದು ಮೂವತ್ತು ನಲವತ್ತರ ಸೈಟು. ಮನೆ ಕಟ್ಟಿ ಮಿಕ್ಕಿದ್ದು ಎರಡು ಸ್ಕೂಟರ್ ನಿಲ್ಲುವಷ್ಟು ಸಿಮೆಂಟು ನೆಲ. ಕೊತ್ತಂಬರಿ ತರಲು ಮಗನನ್ನು ಅಂಗಡಿಗೆ ಕಳಿಸಿದಾಗಲೆಲ್ಲ, "ಒಂದ್ ಹಿಡಿ ಸೊಪ್ಪಿಗೂ ಕಾಸು ಬಿಚ್ಬೇಕಾ ಇಲ್ಲಿ?" ಎಂದು ಅತ್ತೆ ಬೇಸರಪಡುತ್ತಿದ್ದರು.

ತಾರಸಿಯಲ್ಲಿ ಜಾಗವೂ ಇತ್ತು, ಬಿಸಿಲೂ ಇತ್ತು. ಅಲ್ಲಿಗೆ 18 ಮೆಟ್ಟಿಲು ಹತ್ತಬೇಕು, ಅದು ಅತ್ತೆಯ ಕೈಲಿ ಆಗದು. ಅವರಿಲ್ಲದೆ ತೋಟ ಮಾಡುವುದರಲ್ಲಿ ಅರ್ಥವಿಲ್ಲ ಅನ್ನಿಸಿ ಸುಮ್ಮನಾಗಿದ್ದೆವು. ಆರನೇ ಕ್ಲಾಸಿನ ಮಗಳು ದಾರಿ ಹುಡುಕಿದಳು: "ಅಜ್ಜಿ, ನೀನು ಕೆಳಗೇ ಕೂತಿರು. ದಿನಾ ಏನೇನಾಗಿದೆ ಅಂತ ನಾನು ಬರೆದು ತೋರಿಸ್ತೀನಿ." ಅತ್ತೆಗೆ ಅಕ್ಷರ ಬಾರದು, ಅಂಕಿ ಚೆನ್ನಾಗಿ ಬರುತ್ತದೆ. ಹಾಗಾಗಿ ಮಗಳು ಚಿತ್ರದ ನೋಟ್‌ಬುಕ್ಕಿನಲ್ಲಿ ತಾರಸಿಯ ನಕ್ಷೆ ಬರೆದಳು. ಒಂದು ಕುಂಡಕ್ಕೆ ಒಂದು ಸುತ್ತು, ಅದರೊಳಗೆ ನಂಬರು, ಮೇಲೆ ಬಣ್ಣದ ಪೆನ್ಸಿಲ್ ಗುರುತು. ಎಲೆ ಹಳದಿಯಾದರೆ ಹಳದಿ, ಹುಳ ಬಿದ್ದರೆ ಕಂದು, ಹೂ ಬಿಟ್ಟರೆ ಕೆಂಪು, ಕೊಳೆತರೆ ಕಪ್ಪು. ವಾರಕ್ಕೊಂದು ಹೊಸ ಪುಟ. ಆ ಋತುವಿನಲ್ಲಿ ನಮಗೆ ಎದುರಾದ ಎರಡು ದೊಡ್ಡ ತೊಡಕುಗಳು ಬಿಡಿಸಿಕೊಂಡದ್ದು ಈ ಪುಟಗಳಿಂದಲೇ.

ರೋಹಿಣಿ: ತಾರಸಿ ಎಷ್ಟು ಹೊರುತ್ತದೆ

ಆ ವರ್ಷ ಮುಂಗಾರು ಮೇ ಕೊನೆಯ ವಾರದಲ್ಲೇ ಬಂತು. ಜೂನ್ ಮುಗಿಯುವ ಮೊದಲೇ ಕೆಆರ್‌ಎಸ್ 124.80 ಅಡಿ ತುಂಬಿದ ವರ್ಷ ಅದು. ಮಳೆ ಹಿಡಿದುಕೊಂಡಿದೆ, ಬೇಗ ಮಣ್ಣು ತುಂಬಿಸೋಣ ಎಂದು ಎಲ್ಲರಿಗೂ ಅವಸರ. ನಾನು ಪಾಲಿಟೆಕ್ನಿಕ್ ಒಂದರಲ್ಲಿ ಲ್ಯಾಬ್ ನೋಡಿಕೊಳ್ಳುವವಳು, ತೂಕ ಹಾಕದೆ ಮುಂದಕ್ಕೆ ಹೋಗಲು ಮನಸ್ಸು ಒಪ್ಪಲಿಲ್ಲ.

12 ಇಂಚು ಅಗಲ, 12 ಇಂಚು ಎತ್ತರದ ಗ್ರೋ ಬ್ಯಾಗಿಗೆ, ಅಂದರೆ ಗಿಡ ಬೆಳೆಸುವ ಚೀಲಕ್ಕೆ, ಕಂಠ ಬಿಟ್ಟು ತುಂಬಿದರೆ ಸುಮಾರು 20 ಲೀಟರ್ ಮಣ್ಣು ಹಿಡಿಯುತ್ತದೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕಲಸಿ ಒಂದು ಚೀಲ ತುಂಬಿ, ನೀರು ಕೆಳಗೆ ತೊಟ್ಟಿಕ್ಕುವವರೆಗೆ ಹುಯ್ದು ತಕ್ಕಡಿಗೆ ಏರಿಸಿದೆವು. 27 ಕೆಜಿ. ಇಂಥ ಚೀಲಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಒಂದು ಚದರ ಮೀಟರಿಗೆ ಹತ್ತಕ್ಕಿಂತ ಹೆಚ್ಚು ಹಿಡಿಯುತ್ತವೆ, ಅಂದರೆ 290 ಕೆಜಿ. ಜನ ಓಡಾಡುವ ತಾರಸಿಗೆ ಕಟ್ಟಡಗಳ ಭಾರದ ಭಾರತೀಯ ಮಾನದಂಡ ಐಎಸ್ 875ರ ಎರಡನೇ ಭಾಗ ಹೇಳುವ ಹೆಚ್ಚುವರಿ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಸುಮಾರು 150 ಕೆಜಿ. ಕೈತೋಟದ ಹುರುಪಿನಲ್ಲಿ ಈ ಲೆಕ್ಕ ಬಿಟ್ಟವರನ್ನು ನೋಡಿದ್ದೇನೆ. ಹಳೇ ಮನೆಯವರು ದಯವಿಟ್ಟು ಮೊದಲು ಇದನ್ನು ನೋಡಿಕೊಳ್ಳಿ.

ಮಣ್ಣು, ಗೊಬ್ಬರ, ಕೋಕೋಪೀಟ್ ಮೂರನ್ನೂ ಸಮಪಾಲು ಮಾಡಿದಾಗ ಒದ್ದೆ ಚೀಲ 21 ಕೆಜಿಗೆ ಇಳಿಯಿತು. ಚೀಲದ ನಡುವಿನಿಂದ ನಡುವಿಗೆ ಎರಡು ಅಡಿ ಬಿಟ್ಟೆವು, ಚದರ ಮೀಟರಿಗೆ 60 ಕೆಜಿಯ ಒಳಗೇ ಬಂತು. ಮನೆ ಕಟ್ಟಿದ ಮೇಸ್ತ್ರಿಯನ್ನು ಕರೆಸಿ, ಕೆಳಗೆ ಗೋಡೆ ಮತ್ತು ಬೀಮು ಎಲ್ಲೆಲ್ಲಿವೆ ಎಂದು ಕೇಳಿ ಸುಣ್ಣದಲ್ಲಿ ಗೆರೆ ಎಳೆಸಿದೆವು. ಚೀಲಗಳೆಲ್ಲ ಆ ಗೆರೆಗಳ ಮೇಲೇ. ಪ್ರತಿ ಚೀಲದಡಿ ಎರಡು ಇಟ್ಟಿಗೆ, ಮಳೆನೀರು ಅಡಿಯಲ್ಲೇ ಹರಿದು ಹೋಗಲಿ ಎಂದು. ಮಳೆನೀರಿನ ಪೈಪಿನ ಬಾಯಿಗೆ ತಂತಿ ಜಾಲರಿ ಕಟ್ಟಿದೆವು.

ಕೆಮ್ಮಣ್ಣು ಮತ್ತು ತಿಪ್ಪೆ ಗೊಬ್ಬರ ಊರಿಂದಲೇ ಬಂದವು. ಗೊಬ್ಬರವನ್ನು ಮರಳು ಜರಡಿಯಲ್ಲಿ ಜಾಲಿಸಿದಾಗ ಬೆರಳು ದಪ್ಪದ ಬಿಳಿ ಗೊಣ್ಣೆಹುಳಗಳು ನಲವತ್ತಕ್ಕೂ ಹೆಚ್ಚು ಸಿಕ್ಕವು. ಜಾಲಿಸದೆ ಹಾಕಿದ್ದರೆ ಬೇರೆಲ್ಲ ಅವಕ್ಕೇ ಆಗುತ್ತಿತ್ತು. 5 ಕೆಜಿಯ ಕೋಕೋಪೀಟ್ ಇಟ್ಟಿಗೆ ಮೂರು ತಂದಿದ್ದೆವು. ಅದರಲ್ಲಿ ಉಪ್ಪಿನಂಶ ಇರುವುದರಿಂದ ಟಬ್ಬಿನಲ್ಲಿ ನೆನೆಸಿ, ಹಿಂಡಿ, ಮೂರು ನೀರು ಬದಲಾಯಿಸಿದೆವು. ಮೊದಲ ನೀರು ಕಾಫಿ ಬಣ್ಣ, ಮೂರನೆಯದು ತೆಳು ಚಹಾದಂತೆ. ಸಂತೆಪೇಟೆಯಿಂದ ತಂದ ಬೇವಿನ ಹಿಂಡಿ ಚೀಲಕ್ಕೆ ಒಂದು ಹಿಡಿ.

ಕೊನೆಗೆ ನಕ್ಷೆಯಲ್ಲಿ 36 ಸುತ್ತುಗಳಾದವು. 1ರಿಂದ 24 ಗ್ರೋ ಬ್ಯಾಗು, 25ರಿಂದ 28 ಸೊಪ್ಪಿನ ಉದ್ದ ಟಬ್ಬು, 29ರಿಂದ 36 ಹೂವಿಗೂ ಔಷಧಿ ಗಿಡಕ್ಕೂ ಮಣ್ಣಿನ ಕುಂಡ. ಪೂರ್ವದ ಪ್ಯಾರಪೆಟ್ ಗೋಡೆಯ ನೆರಳು ನೆಲದ ಮೇಲೆ ಬೀಳುತ್ತದೆ ಎಂದು ಅದರ ಪಕ್ಕ ಎರಡೂವರೆ ಅಡಿ ಎತ್ತರದ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, 19ರಿಂದ 24ರವರೆಗಿನ ಆರು ಚೀಲ ಅದರ ಮೇಲಿಟ್ಟೆವು. ಪ್ಯಾರಪೆಟ್ ಮೇಲೆ ಒಂದು ಕುಂಡವನ್ನೂ ಇಡಲಿಲ್ಲ. ಆಷಾಢದ ಗಾಳಿ ಮೈಸೂರಲ್ಲಿ ಸುಮ್ಮನೆ ಬೀಸುವುದಿಲ್ಲ, ಕೆಳಗೆ ಮಕ್ಕಳು ಆಡುತ್ತಿರುತ್ತಾರೆ.

ಮೃಗಶಿರ, ಆರಿದ್ರಾ: ಬೀಜ

ಟೊಮೊಟೊಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಆರಿಸಿಕೊಂಡೆವು. ಎಲೆಸುರುಳಿ ನಂಜು, ದುಂಡಾಣು ಸೊರಗು, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆಯುವ ಸಂಕರಣ ತಳಿ ಅದು. ಸಂಕರಣ ತಳಿಯಾದ್ದರಿಂದ ಅದರ ಬೀಜ ಎತ್ತಿಟ್ಟು ಮರುವರ್ಷ ಹಾಕಿದರೆ ಅದೇ ಗುಣ ಬರುವುದಿಲ್ಲ. ಬೆಂಡೆಗೆ ಅರ್ಕಾ ಅನಾಮಿಕಾ. ಬದನೆ ಮಾತ್ರ ನಮ್ಮ ಮೈಸೂರಿನದೇ ಈರನಗೆರೆ ಬದನೆ, ಪರಿಚಯದವರೊಬ್ಬರು ಕಾಪಾಡಿಕೊಂಡು ಬಂದ ಬೀಜ.

ಟೊಮೊಟೊ, ಬದನೆ, ಮೆಣಸಿನಕಾಯಿಗೆ ಟ್ರೇಯಲ್ಲಿ ಒಟ್ಲು ಹಾಕಿ, 25 ದಿನಕ್ಕೆ ಪೈರು ಕಿತ್ತು ನಾಟಿ ಮಾಡಿದೆವು. ಕೊತ್ತಂಬರಿಯನ್ನು ಅತ್ತೆ ಜಗಲಿಯಲ್ಲಿ ಕೂತು ತಮ್ಮ ಕೈಯಾರೆ ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಿ, ಒಂದೊಂದು ಕಾಳೂ ಎರಡಾಗುವಂತೆ ಒಡೆದುಕೊಟ್ಟರು. ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ, ಇಡೀ ಕಾಳು ಹಾಕಿದರೆ ತಡವಾಗಿ ಮೊಳೆಯುತ್ತದೆ. ಒಂಬತ್ತನೇ ದಿನ ಮೊಳಕೆ ಕಂಡಿತು. ಮೆಂತ್ಯ ನಾಲ್ಕೇ ದಿನ. ದಂಟು, ಸಬ್ಬಸಿಗೆ, ಪಾಲಕ್ ಸಲೀಸಾಗಿ ಬಂದವು, ಅವುಗಳ ಬಗ್ಗೆ ಬರೆಯಲು ಏನೂ ಇಲ್ಲ. ಪುದೀನ, ದೊಡ್ಡಪತ್ರೆ, ಒಂದೆಲಗ, ನಿಂಬೆಹುಲ್ಲು ಅಕ್ಕಪಕ್ಕದವರು ಕೊಟ್ಟ ಕಡ್ಡಿ, ಬುಡಗಳಿಂದಲೇ ಆದವು. ತುಳಸಿ ಅದಾಗಲೇ ಮನೆ ಮುಂದೆ ಇತ್ತು.

ಪುನರ್ವಸು, ಪುಷ್ಯ: ಹನಿ ನೀರು

ಜುಲೈನಲ್ಲಿ ಮಳೆ ಬಿಟ್ಟು ಬಿಟ್ಟು ಬರತೊಡಗಿತು. ಬೆಳಗ್ಗೆ ಮಗ ನೀರು ಹಾಕುತ್ತಿದ್ದ, ಸಂಜೆ ನಾನೂ ಹಾಕುತ್ತಿದ್ದೆ. ನಕ್ಷೆಯಲ್ಲಿ ಹಳದಿ ಗುರುತುಗಳು ಹೆಚ್ಚಿದವು. ಅತ್ತೆ ಪುಟ ನೋಡಿದವರೇ, "ಬೆರಳು ಮಡಗಿ ನೋಡಿದ್ಯಾ? ಗಿಡ ನೀರ್ ಕೇಳ್ತಿಲ್ಲ ಕಣವ್ವ, ನೀವೇ ಸುಮ್ನೆ ಕುಡಿಸ್ತಿದ್ದೀರ," ಎಂದರು. ಬೆರಳನ್ನು ಎರಡು ಗೆಣ್ಣು ಇಳಿಸಿದರೆ ಒಳಗೆ ಕೆಸರು. ಆವತ್ತೇ ಡ್ರಿಪ್ ಹಾಕಲು ತೀರ್ಮಾನಿಸಿದೆವು.

ಮಾಡಿದ್ದು ಇಷ್ಟು. 1000 ಲೀಟರಿನ ಟ್ಯಾಂಕಿನಿಂದ ಹೊರಡುವ ಪೈಪಿಗೆ ಕವಲೊಡೆಯುವ ‘ಟೀ’ ಜೋಡಣೆ ಹಾಕಿಸಿ, ವಾಲ್ವು, ಅದರ ಮುಂದೆ ಜಾಲರಿ ಫಿಲ್ಟರ್, ಆಮೇಲೆ 16 ಎಂಎಂ ಕಪ್ಪು ಪೈಪು. ಪೈಪಿಗೆ ಪಂಚಿನಿಂದ ತೂತು ಹೊಡೆದು, 4 ಎಂಎಂ ಸಣ್ಣ ಕೊಳವೆ ಸಿಕ್ಕಿಸಿ, ಅದರ ತುದಿಗೆ ಗಂಟೆಗೆ 4 ಲೀಟರಿನ ಡ್ರಿಪ್ಪರ್. ಬಿಸಿಲಲ್ಲಿ ಅರ್ಧ ಗಂಟೆ ಹರಡಿಟ್ಟರೆ ಪೈಪು ಮೆತ್ತಗಾಗಿ ನೇರವಾಗುತ್ತದೆ, ತೂತೂ ಸುಲಭ. ತುದಿಯಲ್ಲಿ ಪೈಪು ಮಡಚಿ ಎಂಡ್ ಕ್ಯಾಪ್. ಇಬ್ಬರಿಗೆ ಒಂದು ಭಾನುವಾರದ ಕೆಲಸ.

ಟೈಮರ್ ವಿಷಯದಲ್ಲಿ ಒಂದು ವಾರ ಹೋಯಿತು. ಮೊದಲು ತಂದದ್ದು ಸೋಲೆನಾಯ್ಡ್ ವಾಲ್ವಿನದು, ಅಂದರೆ ವಿದ್ಯುತ್ ಅಯಸ್ಕಾಂತದಿಂದ ತೆರೆಯುವಂಥದ್ದು. ಟಿಕ್ ಎಂದು ಸದ್ದಾಗುತ್ತಿತ್ತು, ನೀರು ಬರುತ್ತಿರಲಿಲ್ಲ. ಅದರೊಳಗಿನ ರಬ್ಬರ್ ಡಯಾಫ್ರಮ್ ಮೇಲೆದ್ದು ನೀರು ಬಿಡಬೇಕಾದರೆ ಕೊಳಾಯಿಯಲ್ಲಿ ತಕ್ಕಷ್ಟು ಒತ್ತಡ ಬೇಕು. ತಾರಸಿ ಟ್ಯಾಂಕಿನ ಪಕ್ಕದಲ್ಲೇ ಕೂತ ಟೈಮರಿಗೆ ಅದು ಎಲ್ಲಿಂದ ಸಿಗಬೇಕು? ಅಂಗಡಿಯವರು ಬದಲಾಯಿಸಿಕೊಟ್ಟರು. ಮೋಟಾರಿನಿಂದ ಬಾಲ್ ವಾಲ್ವನ್ನೇ ತಿರುಗಿಸುವ ಬಗೆಯದು ತಂದೆವು. ಅದಕ್ಕೆ ಒತ್ತಡದ ಹಂಗಿಲ್ಲ, ಸರಾಗ ಕೆಲಸ ಮಾಡುತ್ತಿದೆ. ತಾರಸಿ ಟ್ಯಾಂಕಿನಿಂದ ಡ್ರಿಪ್ ಮಾಡುವವರು ಕೊಳ್ಳುವಾಗಲೇ ಇದನ್ನು ಕೇಳಿ ತೆಗೆದುಕೊಳ್ಳಿ.

ಮಘೆ, ಹುಬ್ಬ: ಕಪ್ಪು ಚುಕ್ಕೆಗಳು

ಆಗಸ್ಟ್ ಕೊನೆಗೆ ಟೊಮೊಟೊ ಕಾಯಿ ಲಿಂಬೆ ಗಾತ್ರಕ್ಕೆ ಬಂತು. ಇನ್ನೇನು ಮನೆಯ ಹಣ್ಣು ಎಂದು ಕಾಯುತ್ತಿದ್ದಾಗ ಕಾಯಿಯ ತುದಿ, ಹೂವಿದ್ದ ಜಾಗ, ಕಂದಾಗಿ ಆಮೇಲೆ ಕಪ್ಪಾಗಿ ಒಳಕ್ಕೆ ಕುಸಿಯತೊಡಗಿತು. ತುದಿ ಕೊಳೆ. ಸುಣ್ಣದಂಶದ ಕೊರತೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಮೊಟ್ಟೆ ಚಿಪ್ಪು ಪುಡಿ ಮಾಡಿ ಎಲ್ಲ ಹತ್ತು ಟೊಮೊಟೊ ಬುಡಕ್ಕೂ ಹಾಕಿದೆ. ಹದಿನೈದು ದಿನ ಕಳೆದರೂ ಏನೂ ಬದಲಾಗಲಿಲ್ಲ. ಚಿಪ್ಪು ಮಣ್ಣಲ್ಲಿ ಕರಗಲು ತಿಂಗಳುಗಟ್ಟಲೆ ಬೇಕು.

ಅತ್ತೆ ಆ ವಾರದ ಪುಟವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಕರಿದೆಲ್ಲ ಒಂದೇ ಕಡೆ ಅದೆ ಕಣವ್ವ. ಇವ್ ನಾಕರಲ್ಲಿ ಒಂದೂ ಇಲ್ವಲ್ಲ, ಯಾಕೆ?" ಎಂದು ಬೆರಳಿಟ್ಟರು. ಅವರು ತೋರಿಸಿದ ನಾಲ್ಕು, 13ರಿಂದ 16, ನೆಲದ ಮೇಲಿನ ಟೊಮೊಟೊ. ಕಪ್ಪಾಗಿದ್ದು 19ರಿಂದ 24, ಸ್ಟ್ಯಾಂಡಿನ ಆರೂ. ಅದೇ ಬೀಜ, ಅದೇ ಮಣ್ಣು, ಒಂದೇ ದಿನ ನೆಟ್ಟದ್ದು. ದಿನಾ ಅವುಗಳ ಮಧ್ಯೆ ಓಡಾಡುತ್ತಿದ್ದ ನನಗೆ ಕಾಣದ್ದು ಮೆಟ್ಟಿಲು ಹತ್ತಲಾಗದವರಿಗೆ ಕಂಡಿತು.

ಮಾರನೆಯ ಬೆಳಗ್ಗೆ ಒಂದೊಂದು ಡ್ರಿಪ್ಪರಿಗೂ ಖಾಲಿ ಬಾಟಲಿ ಕಟ್ಟಿ ಒಂದು ಗಂಟೆ ನೀರು ಹಿಡಿದೆವು. ಡಬ್ಬದ ಮೇಲೆ ಬರೆದಿರುವುದು 4 ಲೀಟರ್. ನೆಲದ ಚೀಲಗಳಲ್ಲಿ ಸಿಕ್ಕಿದ್ದು 1 ಲೀಟರ್ 300 ಮಿಲಿಯಷ್ಟು. ಸ್ಟ್ಯಾಂಡಿನಲ್ಲಿ 800. ಸಂಜೆ ಟ್ಯಾಂಕ್ ತುಂಬಿದ ಮೇಲೆ ಮತ್ತೆ ಹಿಡಿದಾಗ ನೆಲದಲ್ಲಿ ಒಂದೂ ಮುಕ್ಕಾಲು, ಸ್ಟ್ಯಾಂಡಿನಲ್ಲಿ ಸುಮಾರು ಒಂದೂವರೆ.

ಲೆಕ್ಕ ಕಷ್ಟವೇನಲ್ಲ. ಡ್ರಿಪ್ಪರಿನ ಮೇಲಿನ 4 ಲೀಟರ್, 10 ಮೀಟರ್ ಎತ್ತರದಿಂದ ಇಳಿಯುವ ನೀರಿನ ಒತ್ತಡಕ್ಕೆ ಹೇಳಿದ್ದು. ನಮ್ಮ ಟ್ಯಾಂಕಿನ ತಳ ತಾರಸಿಯಿಂದ ಐದು ಅಡಿ ಮೇಲಿದೆ. ಅದರಲ್ಲಿ ನೀರು ತಳಕ್ಕೆ ಬಂದಾಗ ನೆಲದ ಚೀಲಕ್ಕೆ ಒಂದು ಮೀಟರಿಗಿಂತ ತುಸು ಹೆಚ್ಚು ಎತ್ತರ ಸಿಗುತ್ತದೆ, ಸ್ಟ್ಯಾಂಡಿನ ಚೀಲಕ್ಕೆ ಅರ್ಧ ಮೀಟರೂ ಇಲ್ಲ. ಎತ್ತರ ನಾಲ್ಕನೇ ಒಂದಕ್ಕೆ ಇಳಿದರೆ ಸಾದಾ ಡ್ರಿಪ್ಪರಿನ ನೀರು ಅರ್ಧಕ್ಕೆ ಇಳಿಯುತ್ತದೆ. ಟ್ಯಾಂಕಿನ ಮಟ್ಟ ಏರಿಳಿದ ಹಾಗೆ ನೆಲದ ಚೀಲಗಳಿಗೆ ಅಷ್ಟೇನೂ ವ್ಯತ್ಯಾಸವಾಗದು, ಸ್ಟ್ಯಾಂಡಿನವಕ್ಕೆ ಒಂದು ದಿನ ಸಿಕ್ಕಿದ್ದು ಮರುದಿನ ಅರ್ಧ. ಮೇಲಾಗಿ ಅವು ಗಾಳಿಗೆ ಒಡ್ಡಿಕೊಂಡು ಬೇಗ ಒಣಗುತ್ತವೆ. ಸುಣ್ಣದಂಶ ಬೇರಿನಿಂದ ಕಾಯಿಗೆ ಹೋಗುವುದೇ ನೀರಿನ ಜೊತೆ. ನೀರು ಏರುಪೇರಾದರೆ ಮಣ್ಣಲ್ಲಿ ಎಷ್ಟೇ ಸುಣ್ಣ ಇದ್ದರೂ ಕಾಯಿಯ ತುದಿಗೆ ಅದು ಮುಟ್ಟುವುದಿಲ್ಲ.

ರಿಪೇರಿಗೆ ಒಂದು ಸಂಜೆ ಸಾಕಾಯಿತು. ಸ್ಟ್ಯಾಂಡಿಗೆ ಬೇರೆಯೇ ಪೈಪು ಎಳೆದು, ಅದಕ್ಕೊಂದು ಸ್ವಂತ ವಾಲ್ವು ಕೊಟ್ಟು, ಚೀಲಕ್ಕೆ ಎರಡೆರಡು ಡ್ರಿಪ್ಪರ್ ಹಾಕಿದೆವು. ಟೈಮರನ್ನು 5.30ರಿಂದ 7ಕ್ಕೆ ಸರಿಸಿ, 6.30ಕ್ಕೆ ಸಂಪಿನ ಮೋಟಾರ್ ಹಾಕಿ ಟ್ಯಾಂಕ್ ತುಂಬಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡೆವು. ಹಾಗೆ ನೀರು ಬಿಡುವಾಗೆಲ್ಲ ಟ್ಯಾಂಕಿನ ಮಟ್ಟ ಒಂದೇ ಇರುತ್ತದೆ. ಫಿಲ್ಟರಿನ ಜಾಲರಿ ತೆಗೆದು ನೋಡಿದರೆ ಟ್ಯಾಂಕಿನ ಹೂಳು ಅರ್ಧ ಮುಚ್ಚಿತ್ತು. ಈಗ ಭಾನುವಾರಕ್ಕೊಮ್ಮೆ ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ತೊಳೆಯುತ್ತೇವೆ. ಚೀಲಗಳ ಮೇಲೆ ಎರಡು ಇಂಚು ಒಣ ತೆಂಗಿನ ನಾರು ಹರಡಿದೆವು. ಅದಾಗಲೇ ಕಪ್ಪಾದ ಕಾಯಿ ಸರಿಯಾಗುವುದಿಲ್ಲ, ಕಿತ್ತುಹಾಕಿದೆವು. ಆಮೇಲೆ ಕಚ್ಚಿದ ಕಾಯಿಗಳಲ್ಲಿ ಒಂದಕ್ಕೂ ಚುಕ್ಕೆ ಬರಲಿಲ್ಲ. ಸೆಪ್ಟೆಂಬರ್ ಕೊನೆಯ ಪುಟದಲ್ಲಿ 19ರಿಂದ 24 ಪೂರ್ತಿ ಕೆಂಪು.

ಹುಳದ ಕಥೆ ಬೇಗ ಮುಗಿಸುತ್ತೇನೆ. ಬೆಂಡೆ, ಟೊಮೊಟೊ ಮೇಲೆ ಬಿಳಿನೊಣಕ್ಕೆ ಹಳದಿ ಅಂಟು ಹಾಳೆ ತೂಗುಹಾಕಿದೆವು. ದಾಸವಾಳದ ಹಿಟ್ಟು ತಿಗಣೆಗೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ. ಮೊದಲು ಎಣ್ಣೆಯನ್ನು ಸೋಪಿನ ನೀರಿನಲ್ಲಿ ಹಾಲಿನಂತಾಗುವವರೆಗೆ ಕಲಕಿ ಆಮೇಲೆ ನೀರು ಸೇರಿಸಬೇಕು, ಹೊಡೆಯುವುದು ಸಂಜೆ ಹೊತ್ತು. ಬದನೆಯ ಕುಡಿ ಬಾಡಿ ಜೋತು ಬಿದ್ದರೆ ಒಳಗೆ ಕೊರಕ ಹುಳ ಇದೆ ಎಂದೇ ಅರ್ಥ. ಬಾಡಿದ ಜಾಗಕ್ಕಿಂತ ಎರಡು ಇಂಚು ಕೆಳಗೆ ಚಿವುಟಿ, ಸೋಪಿನ ನೀರಿಗೆ ಹಾಕುವ ಕೆಲಸ ಮಗಳದು. ಒಂದು ಬದನೆ ಗಿಡ ಹೋಯಿತು, ಉಳಿದ ಮೂರು ನಿಂತವು. ಅಳಿಲುಗಳು ತಿಂದ ಟೊಮೊಟೊ ಲೆಕ್ಕ ಇಟ್ಟಿಲ್ಲ. ಅವುಗಳೂ ನಮ್ಮ ಬೀದಿಯವೇ.

ದಸರಾ: ಹೂವಿನ ಕುಂಡಗಳು

ಚೆಂಡು ಹೂವಿನ ಬೀಜವನ್ನು ಜುಲೈ 25ಕ್ಕೆ ಲೆಕ್ಕ ಹಾಕಿಯೇ ಹಾಕಿದ್ದೆವು, ಅಕ್ಟೋಬರ್ 1ರ ಆಯುಧ ಪೂಜೆಗೆ ಬರಲಿ ಎಂದು. ಬಂತು. ಎರಡು ಸ್ಕೂಟರು, ಹೊಲಿಗೆ ಮಷಿನ್, ಡ್ರಿಪ್ ಪಂಚು, ಜರಡಿ ಎಲ್ಲಕ್ಕೂ ಮನೆಯ ಹೂ. ದೇವರಾಜ ಮಾರುಕಟ್ಟೆಗೆ ಆ ವಾರ ಹೋಗಿದ್ದು ಬರಿಯ ಬೂದುಗುಂಬಳಕ್ಕೆ. ಪೂಜೆ ಮುಗಿದ ಗಿಡಗಳನ್ನು ಕತ್ತರಿಸಿ ಟೊಮೊಟೊ ಚೀಲದ ಮಣ್ಣಿಗೆ ಸೇರಿಸಿದೆವು. ಬೇರುಗಂಟು ಮಾಡುವ ಜಂತುಗಳನ್ನು ತಗ್ಗಿಸುವ ಗುಣ ಚೆಂಡು ಹೂವಿನ ಬೇರಿಗಿದೆ.

ಸೇವಂತಿಗೆ ಮಾತ್ರ ಬೇಸರ ತರಿಸಿತು. ಮೂರು ಕುಂಡ, ಒಂದೇ ಬುಡದಿಂದ ಒಡೆದು ನೆಟ್ಟದ್ದು. ಟ್ಯಾಂಕಿನ ಮಗ್ಗುಲಿನ 29ರಲ್ಲಿ ಮೊಗ್ಗು ಕಿಕ್ಕಿರಿದಿತ್ತು. ಈಶಾನ್ಯ ಮೂಲೆಯ 33, 34ರಲ್ಲಿ ಹಸಿರು ಎಲೆ ಬಿಟ್ಟರೆ ಏನೂ ಇಲ್ಲ. ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಸಾಲು ಸಾಲು ಹೂ ಬಿಟ್ಟ ಸೇವಂತಿಗೆ ನೋಡಿ ಮಗಳು ಅಲ್ಲಿದ್ದ ಮಾಲಿಯೊಬ್ಬರನ್ನು ಕೇಳಿಯೇಬಿಟ್ಟಳು: "ನಮ್ಮ ಗಿಡ ಯಾಕೆ ಹೂ ಬಿಡ್ತಿಲ್ಲ ಅಂಕಲ್?" ಅವರು ಗೊಬ್ಬರದ ವಿಷಯ ಎತ್ತಲೇ ಇಲ್ಲ. "ರಾತ್ರಿ ಅದರ ಮೇಲೆ ಲೈಟ್ ಬೀಳ್ತದಾ ಮಗಳೇ?" ಎಂದರು. ಚಿಕ್ಕಬಳ್ಳಾಪುರದ ಕಡೆ ರೈತರು ಸೇವಂತಿಗೆ ಹೊಲದಲ್ಲಿ ರಾತ್ರಿ ಬಲ್ಬು ಉರಿಸುವುದೇ ಗಿಡ ಬೇಗ ಹೂ ಬಿಡದೆ ಬೆಳೆಯಲಿ ಎಂದು. ರಾತ್ರಿ ಉದ್ದವಾದಾಗ ಮಾತ್ರ ಮೊಗ್ಗು ಕಟ್ಟುವ ಗಿಡ ಅದು. ನಮ್ಮ ಈಶಾನ್ಯ ಮೂಲೆಯಲ್ಲಿ, ಪ್ಯಾರಪೆಟ್ಟಿನಿಂದ ಹತ್ತು ಅಡಿ ದೂರದಲ್ಲಿ, ಬೀದಿ ದೀಪದ ಕಂಬವಿದೆ. ಬಿಳಿ ಎಲ್‌ಇಡಿ ದೀಪ, ಆ ಮೂಲೆಯಲ್ಲಿ ನಿಂತು ರಾತ್ರಿ ಪೇಪರ್ ಓದಬಹುದು.

ಮನೆಗೆ ಬಂದ ರಾತ್ರಿಯೇ 33, 34ನ್ನು ಟ್ಯಾಂಕಿನ ಹಿಂದಕ್ಕೆ ಸಾಗಿಸಿದೆವು. ಅವು ನವೆಂಬರಿನಲ್ಲಿ ಹೂ ಬಿಟ್ಟವು. ನಾನು ಅಲ್ಲಿಗೆ ವಿಷಯ ಮುಗಿಯಿತು ಅಂದುಕೊಂಡೆ.

ಚಿತ್ತ, ಸ್ವಾತಿ: ಅವರೆ

ಅತ್ತೆ ಊರಿಂದ ತರಿಸಿದ್ದು ಅವರೆ ಬೀಜ. ಹೆಬ್ಬಾಳ ಅವರೆಯಂಥ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಕೊಟ್ಟಿದೆ, ಅವು ವರ್ಷದ ಯಾವ ಕಾಲದಲ್ಲಿ ಹಾಕಿದರೂ ಕಾಯಿ ಬಿಡುತ್ತವೆ. ಅತ್ತೆಗೆ ಬೇಕಿದ್ದು ಸೊಗಡು. ಮಾಗಿಯ ಇಬ್ಬನಿ ಬಿದ್ದ ಊರ ಅವರೆಯ ಸೊಗಡಿಗೆ ಸಮ ಬೇರೊಂದಿಲ್ಲ ಎನ್ನುತ್ತಾರೆ, ನನ್ನ ನಾಲಿಗೆಯೂ ಅದನ್ನೇ ಹೇಳುತ್ತದೆ. ಆಗಸ್ಟ್ ಎರಡನೇ ವಾರ, ಆಶ್ಲೇಷ ಮಳೆಯಲ್ಲಿ, ಬೆಂಡೆ ಹಾಕಿದ್ದ ಚೀಲಗಳಲ್ಲಿ ಹಾಕಿದೆವು: ಟ್ಯಾಂಕಿನ ಬಳಿಯ 1, 2, 3, ಮೂಲೆಯ 10, 11, 12. ಬಂಬೂ ಬಜಾರಿನಿಂದ ಗಳ ತಂದು ಎರಡು ಚಪ್ಪರ ಕಟ್ಟಿದೆವು.

ಅಕ್ಟೋಬರ್ 20ರ ಹೊತ್ತಿಗೆ 1, 2, 3ರಲ್ಲಿ ಹೂಗೊನೆ ಕಾಣಿಸಿತು. 10, 11, 12 ಚಪ್ಪರ ತುಂಬಿ ಪ್ಯಾರಪೆಟ್ ದಾಟಿದ್ದವು, ನೋಡಲು ಅವೇ ಚೆಂದ, ಒಂದು ಹೂಗೊನೆಯೂ ಇಲ್ಲ. ಗೊಬ್ಬರ ಜಾಸ್ತಿಯಾಗಿ ಬರೀ ಬಳ್ಳಿಗೆ ಹೋಗಿದೆ ಎಂದು ನಾನು ತಿಳಿದೆ. ಕುಡಿ ಚಿವುಟಿದೆ. ಬೂದಿ ಹಾಕಿದೆ.

ಅತ್ತೆ ಫೋನಿನಲ್ಲಿ ಊರಿನವರನ್ನು ಕೇಳಿದರು. ರಾಗಿ ಹೊಲದ ಅಕ್ಕಡಿಯಲ್ಲಿ, ಅಂದರೆ ರಾಗಿಯ ನಡುವೆ ಬಿಡುವ ಸಾಲಿನಲ್ಲಿ, ಅವರೆ ಆಗಲೇ ಹೂವಿಗೆ ಬಂದಿದೆಯಂತೆ. ಆವತ್ತು ಸಂಜೆ ಮಗಳು ಹಳೇ ಪುಟ ತಿರುವುತ್ತಿದ್ದವಳು ದಸರಾ ವಾರದ ಪುಟವನ್ನೂ ಈ ವಾರದ್ದನ್ನೂ ಪಕ್ಕಪಕ್ಕ ಇಟ್ಟಳು. ಹೂ ಬಿಡದ ಸೇವಂತಿಗೆ ಇದ್ದ ಮೂಲೆ, ಹೂ ಬಿಡದ ಅವರೆ ಇರುವ ಮೂಲೆ, ಎರಡೂ ಒಂದೇ. "ಅಮ್ಮಾ, ಅವರೆನೂ ರಾತ್ರಿ ಎಣಿಸ್ತದಾ?"

ಎಣಿಸುತ್ತದೆ. ನಾಟಿ ಅವರೆಯೂ ಸೇವಂತಿಗೆಯ ಹಾಗೆಯೇ, ರಾತ್ರಿ ಉದ್ದವಾಗದೆ ಹೂವಿಗೆ ಬಾರದು. ನಮ್ಮ ಮೈಸೂರಿನಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆಯಷ್ಟೇ. ನಮಗೆ ಅರಿವಿಗೇ ಬಾರದ ಆ ವ್ಯತ್ಯಾಸವನ್ನು ಹಿಡಿದು ಒಂದು ಬಳ್ಳಿ ತನ್ನ ಕಾಲ ತಿಳಿಯುತ್ತದೆ. ಕಂಬದ ದೀಪದ ಅಡಿ ಅದಕ್ಕೆ ರಾತ್ರಿಯೇ ಆಗಿರಲಿಲ್ಲ.

ಬೇರೂರಿದ ಬಳ್ಳಿಯನ್ನು ಚಪ್ಪರದ ಸಮೇತ ಸಾಗಿಸುವಂತಿಲ್ಲ. ದೀಪ ತೆಗೆಸಿ ಎಂದು ಅರ್ಜಿ ಕೊಡುವ ಯೋಚನೆಯನ್ನು ಮನೆಯವರೂ ನಾನೂ ಒಟ್ಟಿಗೇ ಬಿಟ್ಟೆವು. ಟ್ಯೂಷನ್ ಮುಗಿಸಿ ಹೆಣ್ಣುಮಕ್ಕಳು ಬರುವ ಬೀದಿ ಅದು. ಪರದೆಯೇ ಕಟ್ಟಬೇಕಾಯಿತು.

ಮೊದಲು ಮನೆಯಲ್ಲಿದ್ದ ಹಸಿರು ಶೇಡ್ ನೆಟ್ ಕಟ್ಟಿದೆವು. ಅರ್ಧ ಬೆಳಕು ಒಳಗೇ ಬರುತ್ತಿತ್ತು. ರಾತ್ರಿ ಹೋಗಿ ನಿಂತರೆ ನನ್ನ ಕೈಯ ಗೆರೆ ಕಾಣುತ್ತಿತ್ತು, ಅಂದ ಮೇಲೆ ಎಲೆಗೂ ಕಾಣುತ್ತದೆ. ಅಕ್ಟೋಬರ್ 26ರ ಭಾನುವಾರ ಅದನ್ನು ಕಿತ್ತು, ಮಗ್ಗುಲಿಗೊಂದು ಗಳ ನಿಲ್ಲಿಸಿ, ಮೇಲೆ ಅಡ್ಡ ಗಳ ಬಿಗಿದು, ಕಪ್ಪು ಟಾರ್ಪಾಲು ಇಳಿಬಿಟ್ಟೆವು. ಹಗಲು ಬಿಸಿಲು ಬೇಕಲ್ಲ, ಅದಕ್ಕೆ ಟಾರ್ಪಾಲಿನ ಕೆಳ ಅಂಚಿಗೆ ಪಿವಿಸಿ ಪೈಪು ಹೊಲಿಸಿ, ಅಂಗಡಿ ಬಾಗಿಲ ಪರದೆಯಂತೆ ಹಗ್ಗ ಎಳೆದರೆ ಸುತ್ತಿಕೊಳ್ಳುವಂತೆ ಮಾಡಿದೆವು. ಗಾಳಿಗೆ ಪಟಪಟ ಬಡಿದು ಎರಡನೇ ದಿನವೇ ಹಗ್ಗ ಪೋಣಿಸುವ ಒಂದು ಕಣ್ಣು ಹರಿಯಿತು. ಹರಿದ ಕಡೆ ಎರಡು ಪದರ ಹೊಲಿಸಿ, ಪೈಪಿನೊಳಗೆ ಮರಳು ತುಂಬಿ, ಎರಡೂ ತುದಿ ಮುಚ್ಚಿದ ಮೇಲೆ ಅದು ಅಲುಗಾಡದೆ ನಿಂತಿತು. ಸಂಜೆ 6ಕ್ಕೆ ಇಳಿಸುವುದು, ಬೆಳಗ್ಗೆ 6.30ಕ್ಕೆ ಏರಿಸುವುದು, ಇದು ಮಗನ ಕೆಲಸ. ಎಸ್‌ಎಸ್‌ಎಲ್‌ಸಿ ಓದಿನ ನಡುವೆ ಒಂದು ದಿನವೂ ತಪ್ಪಿಸಲಿಲ್ಲ.

ನವೆಂಬರ್ 19ರಂದು 11ರಲ್ಲಿ ಮೊದಲ ಹೂಗೊನೆ, ಮಗಳ ಉಗುರಿನಷ್ಟು. ಅವಳು ಮೆಟ್ಟಿಲು ಇಳಿದು ಬಂದ ಸದ್ದಿಗೆ ಅಡುಗೆ ಮನೆಯಿಂದ ನಾನೇ ಓಡಿಬಂದೆ. ಅತ್ತೆ ಕೆಂಪು ಪೆನ್ಸಿಲನ್ನು ತಾವೇ ಕೈಗೆ ತೆಗೆದುಕೊಂಡು 11ರ ಮೇಲೆ ಒಂದು ಚುಕ್ಕೆ ಇಟ್ಟರು. ಆ ನೋಟ್‌ಬುಕ್ಕಿನಲ್ಲಿ ಅವರು ಮಾಡಿದ ಗುರುತು ಅದೊಂದೇ. ಮಗಳು ನಕ್ಷೆಯ ಮೂಲೆಯಲ್ಲಿ ದೀಪದ ಕಂಬವನ್ನೂ ಬರೆದಳು. ಅದು ಮೊದಲ ಪುಟದಲ್ಲೇ ಇರಬೇಕಿತ್ತು. ತೋಟದ ನಕ್ಷೆ ಬರೆಯುವವರು ಕುಂಡಗಳ ಜೊತೆಗೆ ಗೋಡೆ, ಟ್ಯಾಂಕು, ಕಂಬ, ಪಕ್ಕದ ಮನೆಯ ಎತ್ತರ ಎಲ್ಲ ಬರೆದುಕೊಳ್ಳಿ.

ಪುಷ್ಯ ಮಾಸದ ಚಳಿ

ಡಿಸೆಂಬರಿನಲ್ಲಿ ಮಲ್ಲಿಗೆ ಸವರಿದೆವು. ಟೊಮೊಟೊ ಮುಗಿದ ಚೀಲಗಳ ಮಣ್ಣು ಸುರಿದು ಬಿಸಿಲಿಗೆ ಹರಡಿದೆವು. ಮೆಂತ್ಯ ಮೂರನೇ ಸಲ ಹಾಕಿದ್ದೇವೆ. ಅವರೆಯ ತೂಕ ಬರೆದಿಟ್ಟಿದ್ದೇನೆ: ಸಂಕ್ರಾಂತಿಯವರೆಗೆ 1, 2, 3ರಿಂದ 2 ಕೆಜಿ 300 ಗ್ರಾಂ ಕಾಯಿ, ತಡವಾಗಿ ಹೂ ಬಿಟ್ಟ 10, 11, 12ರಿಂದ 900 ಗ್ರಾಂ, ಇನ್ನೂ ಬರುತ್ತಿದೆ.

ವ್ಯಾಯಾಮದಿಂದ ಅತ್ತೆಯ ಮಂಡಿ ಒಂದಿಷ್ಟು ಸಡಿಲವಾಗಿತ್ತು. ಮೆಟ್ಟಿಲ ಗೋಡೆಗೆ ಮನೆಯವರು ನವೆಂಬರಿನಲ್ಲೇ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಹಾಕಿಸಿದ್ದರು. ಹಬ್ಬದ ಹಿಂದಿನ ದಿನ ಬೆಳಗ್ಗೆ, "ನಡೀ ಮಗ, ನೋಡ್ಕಂಡ್ ಬರವ," ಎಂದು ಮೊಮ್ಮಗನ ಭುಜ ಹಿಡಿದು ಎದ್ದೇಬಿಟ್ಟರು. ಒಂಬತ್ತನೇ ಮೆಟ್ಟಿಲಲ್ಲಿ ಕುಳಿತು ಸುಧಾರಿಸಿಕೊಂಡು ಮೇಲೆ ಬಂದರು. ದಾರಿ ತೋರಿಸಬೇಕಾಗಲಿಲ್ಲ. 13, 14, 15 ಎಂದು ಹೇಳಿಕೊಳ್ಳುತ್ತಾ ಖಾಲಿ ಚೀಲಗಳನ್ನು ದಾಟಿ, ನೇರವಾಗಿ ಮೂಲೆಗೆ ನಡೆದರು. ಕಂಬವನ್ನು ಬುಡದಿಂದ ತುದಿಯವರೆಗೆ ನೋಡಿದರು. "ಇದೇನಾ?" ಎಂದರು. ಆಮೇಲೆ 11ರಿಂದ ಒಂದು ಕಾಯಿ ಕಿತ್ತು, ಸಿಪ್ಪೆ ಬೆರಳಲ್ಲಿ ಹೊಸಕಿ ಮೂಸಿ, ಮಗಳ ಮೂಗಿನ ಹತ್ತಿರ ಹಿಡಿದರು.

ಹಿತಕಿದ ಬೇಳೆ ಸಾರಿಗೆ ಬೇಕಾದಷ್ಟು ಮಡಿಲಿಗೆ ಕಿತ್ತುಕೊಂಡು ಇಳಿಯುವ ಮೊದಲು, ಬೀಜಕ್ಕೆಂದು 2ನೇ ಚೀಲದ ಬಳ್ಳಿಯಲ್ಲಿ ಹತ್ತು ಕಾಯಿ ಮುಟ್ಟದೆ ಬಿಡಲು ಹೇಳಿದರು. ಬಳ್ಳಿಗೆ ಕೆಂಪು ದಾರ ಕಟ್ಟಿದ್ದೇವೆ. ನಕ್ಷೆಯಲ್ಲೂ 2ರ ಸುತ್ತ ಅದೇ ಬಣ್ಣದ ಗೆರೆ ಇದೆ.